ಸುಗುಣಾ ಸಿಸ್ಟರ್ ಕೇಳಿದ್ದು

ವಾಶಿಯ ಆ ಹೆಂಗಸರ ಆಸ್ಪತ್ರೆಗೆ ಬಂದವರು ಡಾಕ್ಟರ ಬಳಿ ಹೋಗುವ ಮೊದಲು ಸುಗುಣಾ ಸಿಸ್ಟರ್ ಮುಂದೆ ಅರ್ಧ ಗಂಟೆ ಕೂರಬೇಕಿತ್ತು. ತೂಕ, ಬಿ.ಪಿ., ಮುಟ್ಟಿನ ತಾರೀಕು, ನಿಂತ ಬಸಿರು, ಹೋದ ಬಸಿರು, ಮಾಡಿಸಿಕೊಂಡ ಆಪರೇಷನ್, ಎಲ್ಲವನ್ನೂ ಕೇಳಿ ಬರೆದುಕೊಂಡು ಫೈಲನ್ನು ಒಳಗೆ ಕಳಿಸುವುದು ಅವರ ಕೆಲಸ. ಸುಗುಣಾ ಕಾರ್ಕಳದ ಕಡೆಯವರು. ಗಂಡ ತಾರಾನಾಥರಿಗೆ ಡೊಂಬಿವಲಿಯ ಬಣ್ಣದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್ ಕೆಲಸ. ಬೆಳಿಗ್ಗೆ ಡೊಂಬಿವಲಿಯಲ್ಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಿಗೆ ನುಗ್ಗಿ, ಠಾಣೆಯಲ್ಲಿ ಇಳಿದು, ವಾಶಿಯ ಗಾಡಿ ಹತ್ತಿದ ಮೇಲೇ ಅವರಿಗೆ ಕೂರಲು ಜಾಗ ಸಿಗುತ್ತಿದ್ದುದು.

ರೋಗಿಗಳನ್ನು ಅವರು ವಿಚಾರಿಸುತ್ತಿದ್ದ ರೀತಿ ಮೊದಲಿನಿಂದ ಹಾಗಿರಲಿಲ್ಲ. ವಾಶಿಗೆ ಬರುವ ಮೊದಲು ಕಲ್ಯಾಣದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಇದ್ದರು. ಅಲ್ಲಿಯ ಫಾರ್ಮಿನಲ್ಲಿ ಗಂಡ ಹೆಂಡತಿ ಕೂಡುವುದರ ಬಗ್ಗೆಯೂ ಒಂದು ಸಾಲಿತ್ತು. ಅದನ್ನು ಯಾರನ್ನೂ ಕೇಳದೆ 'ನಾರ್ಮಲ್' ಎಂದು ಬರೆದುಬಿಡಬೇಕೆಂದು ಹಿರಿಯ ನರ್ಸು ಹೇಳಿಕೊಟ್ಟಿದ್ದರು. ಸುಗುಣಾ ವರ್ಷಗಟ್ಟಲೆ ಹಾಗೇ ಬರೆದರು. ರಾಯಚೂರಿನ ಸತ್ಯಮ್ಮ ಎಂಬವಳು ಬಿಳಿ ಹೋಗುವುದು, ತುರಿಕೆ, ಕಿಬ್ಬೊಟ್ಟೆ ನೋವು ಎಂದು ಒಂದೇ ವರ್ಷದಲ್ಲಿ ನಾಲ್ಕು ಸಲ ಬಂದಳು. ನಾಲ್ಕು ಸಲವೂ ಗುಳಿಗೆ ತೆಗೆದುಕೊಂಡು ಹೋದಳು. ಐದನೇ ಸಲ ಹೊಸದಾಗಿ ಬಂದಿದ್ದ ಡಾಕ್ಟರೊಬ್ಬರು ಅವಳ ಗಂಡನ ಬಗ್ಗೆ ವಿಚಾರಿಸಿದಾಗ, ಗೋದಾಮಿನಲ್ಲಿ ಹಮಾಲಿ ಮಾಡುವ ಸೈದಪ್ಪನಿಗೂ ಅದೇ ತೊಂದರೆ ಇದ್ದದ್ದು ತಿಳಿಯಿತು. ಇಬ್ಬರಿಗೂ ಒಟ್ಟಿಗೆ ಔಷಧಿ ಕೊಟ್ಟ ಮೇಲೆ ಹದಿನೈದು ದಿನದಲ್ಲಿ ಗುಣವಾಯಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಸುಗುಣಾ ಅವಳನ್ನು ಕೇಳಿದರು.

"ಕೇಳಿದ್ರ ಹೇಳತಿದ್ನಲ್ರೀ ಅಕ್ಕಾರ," ಎಂದಳು ಸತ್ಯಮ್ಮ. "ನೀವು ಕೇಳಲೇ ಇಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಸುಗುಣಾರಿಗೆ ಅದು ಹೆಚ್ಚು ನಾಟಿತು. ಅಂದಿನಿಂದ ಆ ಒಂದು ಸಾಲನ್ನು ಅವರು ಖಾಲಿ ಬಿಟ್ಟರೂ ಬಿಟ್ಟರು, ಕೇಳದೆ ತುಂಬಲಿಲ್ಲ. ಬಾಗಿಲು ಹಾಕಿ, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಉಳಿದದ್ದೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಕೇಳುತ್ತಿದ್ದರು. ಮರಾಠಿಯವರಿಗೆ, ಹಿಂದಿಯವರಿಗೆ, ಮಂಗಳೂರಿನವರಿಗೆ, ಕಲಬುರಗಿಯವರಿಗೆ ಯಾವ ಮಾತು ಮುಜುಗರವಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ಆ ಹೆಂಗಸರಿಂದಲೇ ಒಂದೊಂದಾಗಿ ಕಲಿತರು. ವಾಶಿಗೆ ಬಂದ ಮೇಲೆ ಠಾಣೆಯಲ್ಲಿ ಇಂಥ ತೊಂದರೆಗಳ ಬಗ್ಗೆ ನಡೆದ ಒಂದು ತರಬೇತಿಗೆ ಆರು ಶನಿವಾರ ಹೋಗಿಬಂದರು.

ಶ್ರೀವಿದ್ಯಾ ಬಂದದ್ದು ಎರಡು ಸಾವಿರದ ಹನ್ನೊಂದರ ಜುಲೈನಲ್ಲಿ. ಮೂವತ್ತು ವರ್ಷ. ಮೈಸೂರಿನ ಹುಡುಗಿ, ಬೇಲಾಪುರದ ಒಂದು ವಿಮಾ ಕಂಪನಿಯಲ್ಲಿ ಕೆಲಸ. ಗಂಡ ಅಭಯ್ ಐರೋಲಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದ. ಖಾರಘರದಲ್ಲಿ ಎರಡು ಕೋಣೆಯ ಫ್ಲ್ಯಾಟು. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಿರಲಿಲ್ಲ. ಇದು ಅವರ ಮೂರನೇ ಆಸ್ಪತ್ರೆ. ಹಿಂದಿನ ಎರಡೂ ಕಡೆಯ ಕಾಗದಗಳು ಒಂದು ದಪ್ಪ ಫೈಲಾಗಿದ್ದವು. ರಕ್ತದ ಪರೀಕ್ಷೆ ಸರಿ, ಹೊಟ್ಟೆಯ ಮೇಲಿಂದ ಮಾಡಿದ ಸ್ಕ್ಯಾನ್ ಸರಿ, ಅಭಯನ ಪರೀಕ್ಷೆಯೂ ಸರಿ. ಆದರೂ ವರ್ಷವಿಡೀ ಹಾರ್ಮೋನಿನ ಗುಳಿಗೆ ಕೊಟ್ಟಿದ್ದರು. ಈಗ ಡಾಕ್ಟರ್ ಕರಂದೀಕರ್, ಪ್ರಜ್ಞೆ ತಪ್ಪಿಸಿ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿಬಿಡೋಣ ಎಂದು ಮುಂದಿನ ಮಂಗಳವಾರಕ್ಕೆ ದಿನ ಕೊಟ್ಟಿದ್ದರು. ಆಪರೇಷನ್‌ಗೆ ಮೊದಲಿನ ವಿಚಾರಣೆಗೆಂದು ಫೈಲು ಸುಗುಣಾರ ಮೇಜಿಗೆ ಬಂತು.

ಶ್ರೀವಿದ್ಯಾಳ ಜೊತೆ ಗಂಡನಲ್ಲದೆ ಅತ್ತೆಯೂ ಬಂದಿದ್ದರು. ಪಂಕಜಾ ಎಂದು ಅವರ ಹೆಸರು. ಸೊಸೆಯ ಆಪರೇಷನ್‌ಗೆಂದೇ ಮೈಸೂರಿನಿಂದ ಬಂದವರು. ಮುಟ್ಟಿನ ತಾರೀಕನ್ನೂ ಅವರೇ ಹೇಳಿದರು. ಶ್ರೀವಿದ್ಯಾ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಯಾವುದಕ್ಕೂ ಅವಳು ಉತ್ತರ ಹೇಳಬೇಕಾಗಿ ಬರಲಿಲ್ಲ.

ಸುಗುಣಾ ಹಳೆಯ ಕಾಗದಗಳನ್ನು ತಿರುವಿಹಾಕುವಾಗ ಎರಡನೇ ಆಸ್ಪತ್ರೆಯ ಒಂದು ಹಾಳೆಯಲ್ಲಿ ನಿಂತರು. ಒಳಪರೀಕ್ಷೆಗೆ ರೋಗಿ ಸಹಕರಿಸುವುದಿಲ್ಲ ಎಂದು ಅಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಮೊದಲನೇ ಆಸ್ಪತ್ರೆಯ ಹಾಳೆ ತೆಗೆದರು. ಅಲ್ಲಿಯೂ ಒಳಪರೀಕ್ಷೆ ಆಗಿರಲಿಲ್ಲ, ಮುಂದಿನ ಸಲ ಎಂದು ಬರೆದಿತ್ತು. ಮುಂದಿನ ಸಲ ಬಂದೇ ಇರಲಿಲ್ಲ. ಎರಡೂ ಕಡೆ ಗಂಡ ಹೆಂಡತಿಯ ಕೂಡಿಕೆಯ ಮುಂದೆ ಮಾತ್ರ 'ರೆಗ್ಯುಲರ್' ಎಂದಿತ್ತು.

ಅವರು ತೂಕ ನೋಡಬೇಕೆಂದು ಹೇಳಿ ಶ್ರೀವಿದ್ಯಾಳನ್ನು ಒಳಗಿನ ಡ್ರೆಸ್ಸಿಂಗ್ ಕೋಣೆಗೆ ಕರೆದುಕೊಂಡು ಹೋದರು. ಪಂಕಜಾ ಕೂಡ ಎದ್ದರು. ಒಬ್ಬರಿಗೇ ಜಾಗ ಇರುವುದಮ್ಮ ಎಂದು ಸುಗುಣಾ ನಗುತ್ತಲೇ ಬಾಗಿಲು ಹಾಕಿದರು. ತೂಕ ನಿಜವಾಗಿಯೂ ನೋಡಿದರು. ಬಿ.ಪಿ. ನೋಡಿದರು. ಆಮೇಲೆ ಪೆನ್ನಿಗೆ ಕ್ಯಾಪು ಹಾಕಿ ಸ್ಟೂಲು ಎಳೆದುಕೊಂಡು ಎದುರಿಗೆ ಕೂತರು.

"ಒಂದು ವಿಷಯ ಕೇಳ್ತೇನೆ. ಇಲ್ಲಿಗೆ ಬರುವ ಎಲ್ಲರಿಗೂ ಕೇಳ್ತೇನೆ, ನಿಮಗೊಬ್ಬರಿಗೇ ಅಲ್ಲ. ಹೇಳ್ಲೇಬೇಕು ಅಂತ ಇಲ್ಲ. ಹೇಳಿದ್ದು ನಿಮ್ಮನ್ನು ಕೇಳದೆ ಈ ಕೋಣೆಯಿಂದ ಹೊರಗೆ ಹೋಗುವುದಿಲ್ಲ. ಆಗಬಹುದಾ?"

ಶ್ರೀವಿದ್ಯಾ ತಲೆಯಾಡಿಸಿದಳು.

"ನೀವಿಬ್ಬರೂ ಸೇರುವಾಗ ನಿಮಗೆ ನೋವಾಗ್ತದಾ?"

ಹೊರಗೆ ಯಾರದೋ ಹೆಸರು ಕೂಗಿದರು. ಶ್ರೀವಿದ್ಯಾ ಗೋಡೆಯ ಮೇಲಿದ್ದ ಹಾಲೂಡಿಸುವ ತಾಯಿಯ ಚಿತ್ರವನ್ನು ನೋಡುತ್ತಿದ್ದಳು. ಸುಗುಣಾ ಅವಸರ ಮಾಡಲಿಲ್ಲ. ಇಂಥ ಹೊತ್ತಿನಲ್ಲಿ ತಾವು ಮತ್ತೊಂದು ಮಾತು ಸೇರಿಸಿದರೆ ಕೆಲಸ ಕೆಡುತ್ತದೆಂದು ಅವರಿಗೆ ಗೊತ್ತಿತ್ತು.

"ಸೇರೋದೇ ಆಗಿಲ್ಲ, ಸಿಸ್ಟರ್," ಎಂದಳು ಶ್ರೀವಿದ್ಯಾ. "ನಾಲ್ಕು ವರ್ಷದಲ್ಲಿ ಒಂದು ಸಲವೂ ಆಗಿಲ್ಲ."

ಒಂದು ಸಲ ಬಾಯಿಬಿಟ್ಟ ಮೇಲೆ ಅವಳು ತಡವರಿಸಲಿಲ್ಲ. ಅಭಯ್ ಒಳ್ಳೆಯವನು, ಅವನ ಮೇಲೆ ಅವಳಿಗೆ ಪ್ರೀತಿ ಇತ್ತು, ಆಸೆಯೂ ಇತ್ತು. ಆದರೆ ಆ ಹೊತ್ತು ಬಂದಾಗ ಅವಳ ಮೈ ಅವಳ ಮಾತು ಕೇಳುತ್ತಿರಲಿಲ್ಲ. ತೊಡೆಗಳು ಬಿಗಿದುಕೊಳ್ಳುತ್ತಿದ್ದವು, ಒಳಗೆಲ್ಲ ಮುಷ್ಟಿಯ ಹಾಗೆ ಮುಚ್ಚಿಕೊಳ್ಳುತ್ತಿತ್ತು, ಉಸಿರು ಕಟ್ಟುತ್ತಿತ್ತು. ಅವಳು ಅಳುತ್ತಿದ್ದಳು, ಅವನು ಹೆದರಿ ದೂರ ಸರಿಯುತ್ತಿದ್ದ. ಮೊದಲ ವರ್ಷ ನಿಧಾನವಾಗಿ ಸರಿಹೋಗುತ್ತದೆ ಎಂದುಕೊಂಡರು. ಎರಡನೇ ವರ್ಷ ಪ್ರಯತ್ನವನ್ನೇ ಬಿಟ್ಟರು. ಅಷ್ಟರಲ್ಲಿ ಮನೆಯವರು ಮಕ್ಕಳ ಮಾತು ತೆಗೆದಿದ್ದರು. ಮೊದಲನೇ ಡಾಕ್ಟರು ಅತ್ತೆಯ ಮುಂದೆಯೇ, ಎಲ್ಲ ರೆಗ್ಯುಲರ್ ಇದೆ ತಾನೆ ಎಂದು ಕೇಳಿದಾಗ ಅಭಯ್ ಹೌದು ಎಂದುಬಿಟ್ಟ. ಆಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಇಬ್ಬರಿಗೂ ತಿಳಿಯಲಿಲ್ಲ. ಗುಳಿಗೆ ಕೊಟ್ಟರು, ನುಂಗಿದಳು. ಈಗ ಆಪರೇಷನ್ ಎಂದರು, ಅದಕ್ಕೂ ಒಪ್ಪಿದ್ದಳು. ಮಂಪರಿನಲ್ಲಿರುವಾಗ ಡಾಕ್ಟರೇ ಏನಾದರೂ ಸರಿಮಾಡಿಬಿಡಬಹುದು ಎಂಬ ಒಂದು ಆಸೆಯೂ ಅವಳಿಗೆ ಇತ್ತಂತೆ.

ಸುಗುಣಾ ಎಲ್ಲ ಕೇಳಿಸಿಕೊಂಡರು. ಇದಕ್ಕೆ ವೆಜಿನಿಸ್ಮಸ್ ಎಂದು ಒಂದು ಹೆಸರಿದೆ, ಬಹಳ ಹೆಂಗಸರಿಗೆ ಇರುತ್ತದೆ, ಕಳೆದ ವರ್ಷವೇ ಇದೇ ಕೋಣೆಯಲ್ಲಿ ಮೂವರು ಹೇಳಿಕೊಂಡಿದ್ದರು ಎಂದರು. ಇದು ಹಟವೂ ಅಲ್ಲ, ಗಂಡನ ಮೇಲೆ ಮನಸ್ಸಿಲ್ಲದ್ದೂ ಅಲ್ಲ. ಕಣ್ಣಿಗೆ ಏನಾದರೂ ಹತ್ತಿರ ಬಂದರೆ ರೆಪ್ಪೆ ತಾನಾಗಿ ಮುಚ್ಚುತ್ತದಲ್ಲ, ಹಾಗೆ ಆ ಜಾಗದ ಸ್ನಾಯು ಹೆದರಿ ಮುಚ್ಚಿಕೊಳ್ಳುತ್ತದೆ. ಹೆದರಬೇಡ ಎಂದು ಅದಕ್ಕೆ ನಿಧಾನವಾಗಿ ಕಲಿಸಬಹುದು, ಕತ್ತರಿ ಹಾಕುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ, ಆದರೆ ತಿಂಗಳುಗಳು ಹಿಡಿಯುತ್ತವೆ ಎಂದು ವಿವರಿಸಿದರು.

"ನನ್ನೊಬ್ಬಳಿಗೇ ಅಲ್ವಾ?" ಎಂದು ಶ್ರೀವಿದ್ಯಾ ಕೇಳಿದಳು.

ಅಲ್ಲ ಎಂದರು ಸುಗುಣಾ. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಸುಗುಣಾ ಹತ್ತಿಯ ಡಬ್ಬಿ ಮುಂದೆ ಸರಿಸಿ, ಅವಳು ಅತ್ತು ಮುಗಿಸುವ ತನಕ ಬಿ.ಪಿ. ಯಂತ್ರದ ಪಟ್ಟಿಯನ್ನು ಸುತ್ತುತ್ತ ಕೂತರು.

ಡಾಕ್ಟರಿಗೆ ಹೇಳಲು ಅವಳು ಒಪ್ಪಿಗೆ ಕೊಟ್ಟಳು. ಅತ್ತೆಗೆ ಮಾತ್ರ ಬೇಡ ಎಂದಳು.

ಡಾಕ್ಟರ್ ಕರಂದೀಕರ್ ಮೊದಲು ಸಿಡುಕಿದರು. ತಾನೂ ಕೇಳಿದ್ದೆನಲ್ಲ ಎಂದರು. ಸುಗುಣಾ ಮರಾಠಿಯಲ್ಲೇ, ಆಗ ಉತ್ತರ ಹೇಳಿದ್ದು ಅವಳ ಗಂಡ ಮೇಡಂ ಎಂದರು. ಡಾಕ್ಟರು ಫೈಲನ್ನು ಹಿಂದಿನಿಂದ ಮುಂದಕ್ಕೆ ಓದಿದರು. 'ಸಹಕರಿಸುವುದಿಲ್ಲ' ಎಂಬಲ್ಲಿ ಅವರೂ ನಿಂತರು. ಆಮೇಲೆ ಮಂಗಳವಾರದ ಆಪರೇಷನ್ನಿನ ಪಟ್ಟಿಯಿಂದ ಶ್ರೀವಿದ್ಯಾಳ ಹೆಸರನ್ನು ಹೊಡೆದುಹಾಕಿ, ಅಭಯನನ್ನು ಒಳಗೆ ಕರೆಸಿದರು.

ಅಭಯ್ ಒಳಗೆ ಬಂದು ಹೆಂಡತಿಯ ಮುಖ ನೋಡಿದೊಡನೆಯೇ ವಿಷಯ ಹೊರಬಿದ್ದಿದೆ ಎಂದು ಅವನಿಗೆ ಗೊತ್ತಾಯಿತು. ನಿಜ ಹೇಳಿದರೆ ಎಲ್ಲರೂ ಅವಳನ್ನು ಆಡಿಕೊಳ್ಳುತ್ತಾರೆ, ಅದಕ್ಕೇ ಸುಳ್ಳು ಹೇಳಿದೆ ಎಂದ. ಶ್ರೀವಿದ್ಯಾ ಆಶ್ಚರ್ಯದಿಂದ ಅವನನ್ನು ನೋಡಿದಳು. ಅವನು ತನ್ನ ಮಾನ ಕಾಪಾಡಿಕೊಳ್ಳಲು ಹಾಗೆ ಹೇಳಿದನೆಂದು ಅವಳು ಮೂರು ವರ್ಷ ಅಂದುಕೊಂಡಿದ್ದಳು. ಆ ಬಗ್ಗೆ ಅವರಿಬ್ಬರೂ ಒಂದು ದಿನವೂ ಮಾತಾಡಿರಲಿಲ್ಲ.

ಆಪರೇಷನ್ ಸದ್ಯಕ್ಕೆ ಬೇಡ, ಆರು ತಿಂಗಳು ಬೇರೆ ಚಿಕಿತ್ಸೆ, ಅಷ್ಟು ದಿನ ಮಕ್ಕಳ ವಿಚಾರ ಯಾರೂ ಎತ್ತಬಾರದು ಎಂದು ಡಾಕ್ಟರು ಪಂಕಜಾ ಅವರಿಗೆ ಹೇಳಿದರು. ಪಂಕಜಾ ಅವರಿಗೆ ಅದು ಸರಿಕಾಣಲಿಲ್ಲ. ಸೊಸೆಗೆ ರಜೆ ಹಾಕಿಸಿ, ಪಥ್ಯದ ಅಡುಗೆಗೆ ಪುಡಿಗಳನ್ನೆಲ್ಲ ಕುಟ್ಟಿಸಿ ತಂದಿದ್ದವರು ಅವರು.

ಮೂರು ದಿನದ ಮೇಲೆ ಅವರೊಬ್ಬರೇ ಬಂದು ಸುಗುಣಾರ ಮುಂದೆ ಕೂತರು. ಖಾರಘರದಿಂದ ಒಬ್ಬರೇ ಲೋಕಲ್ ಹತ್ತಿದ್ದು ಅದೇ ಮೊದಲಂತೆ, ಕುಂಕುಮ ಬೆವರಿಗೆ ಹರಡಿತ್ತು. ಸೊಸೆಗೆ ಏನಾಗಿದೆ ಎಂದು ಕೇಳಿದರು. ಅದನ್ನು ಅವಳೇ ಹೇಳಬೇಕು, ನಾನು ಹೇಳುವಂತಿಲ್ಲ ಎಂದು ಸುಗುಣಾ ಅಂದರು.

ಪಂಕಜಾ ಸ್ವಲ್ಪ ಹೊತ್ತು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು.

"ಹೇಳ್ಬೇಡಿ. ನಾನೂ ಹೆಂಗಸೇ ಅಲ್ವೇ, ನಾಲ್ಕು ವರ್ಷದಿಂದ ನೋಡ್ತಿದೀನಿ," ಎಂದರು. "ನನಗೂ ಮೊದಮೊದಲು ಬಹಳ ಕಷ್ಟವಾಗಿತ್ತು ಸಿಸ್ಟರ್. ಒಂದು ವರ್ಷ ಹಲ್ಲು ಕಚ್ಕೊಂಡಿದ್ದೆ. ಯಾರಿಗೆ ಹೇಳೋದು ಆಗಿನ ಕಾಲದಲ್ಲಿ? ಅವಳು ಹಲ್ಲು ಕಚ್ಚೋದು ಬೇಡ."

ಆಮೇಲೆ ಅವರು ಕೇಳಿದ್ದು ಒಂದೇ. ತಾನು ಇಲ್ಲಿರುವುದು ಒಳ್ಳೆಯದೋ, ಹೋಗುವುದು ಒಳ್ಳೆಯದೋ ಎಂದು. ತಾನಿದ್ದರೆ ಅವರಿಬ್ಬರೂ ಪಿಸುಮಾತಿನಲ್ಲೇ ಮಾತಾಡುತ್ತಾರೆ, ಗೋಡೆಯೋ ತೆಳು ಎಂದರು. ಕೊನೆಗೆ ತಾವೇ, ಅಭಯನಿಗೆ ಟಿಕೆಟ್ ಮಾಡಿಸಲು ಹೇಳುತ್ತೇನೆ ಎಂದು ಎದ್ದರು. ಮುಂದಿನ ವಾರ ಮೈಸೂರಿಗೆ ಹೊರಟುಹೋದರು.

ಚಿಕಿತ್ಸೆ ಬುಧವಾರದ ಸಂಜೆಗಳಲ್ಲಿ ನಡೆಯಿತು. ಶ್ರೀವಿದ್ಯಾ ಆಫೀಸು ಮುಗಿಸಿ ಬೇಲಾಪುರದಿಂದ ವಾಶಿಗೆ ಬರುತ್ತಿದ್ದಳು. ಮೊದಲ ದಿನ ಸುಗುಣಾ ಬರೀ ಒಂದು ಚಿತ್ರ ಹಾಕಿ ಯಾವುದು ಎಲ್ಲಿದೆ ಎಂದು ತೋರಿಸಿದರು. ಎಂ.ಕಾಂ. ಓದಿದ ಹುಡುಗಿಗೆ ತನ್ನ ಮೈಯಲ್ಲಿ ಮೂತ್ರದ ದಾರಿ ಬೇರೆ, ಯೋನಿ ಬೇರೆ ಎಂಬುದು ಸರಿಯಾಗಿ ಗೊತ್ತಿರಲಿಲ್ಲ. ಎರಡನೇ ವಾರ ಉಸಿರಾಟ, ಸ್ನಾಯುವನ್ನು ಬಿಗಿಹಿಡಿದು ಸಡಿಲ ಬಿಡುವ ಅಭ್ಯಾಸ. ಮೂರನೇ ವಾರ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕನ್ನಡಿ ಹಿಡಿದು ತನ್ನನ್ನು ತಾನು ನೋಡಿಕೊಳ್ಳಬೇಕು. ಅದಕ್ಕೇ ಅವಳಿಗೆ ಹತ್ತು ದಿನ ಬೇಕಾಯಿತು. ಆಮೇಲೆ ಒಳಗೆ ಇಟ್ಟುಕೊಂಡು ರೂಢಿ ಮಾಡಿಕೊಳ್ಳಲು ಕಿರುಬೆರಳಿನಷ್ಟು ತೆಳುವಿನ ನಯವಾದ ಒಂದು ಕಡ್ಡಿ ಕೊಟ್ಟರು. ಅದು ಅಭ್ಯಾಸವಾದರೆ ಸ್ವಲ್ಪ ದಪ್ಪದ್ದು, ಮತ್ತೆ ಸ್ವಲ್ಪ ದಪ್ಪದ್ದು. ನೋವಾದರೆ ಅಲ್ಲಿಗೇ ನಿಲ್ಲಿಸಬೇಕು, ಸಹಿಸಿಕೊಳ್ಳಬಾರದು. ಅಷ್ಟು ದಿನ ಅಭಯ್ ಯಾವ ಪ್ರಯತ್ನವನ್ನೂ ಮಾಡಬಾರದು ಎಂಬುದು ನಿಯಮ. ಆ ನಿಯಮ ಕೇಳಿ ಇಬ್ಬರಿಗೂ ಹಗುರಾಯಿತಂತೆ. ಎಷ್ಟೋ ದಿನದ ಮೇಲೆ ಹೆದರಿಕೆಯಿಲ್ಲದೆ ಒಬ್ಬರ ಪಕ್ಕ ಒಬ್ಬರು ಮಲಗಿ ಮಾತಾಡಿದೆವು ಎಂದು ಶ್ರೀವಿದ್ಯಾ ಹೇಳಿದಳು.

ದಸರೆಯ ಹೊತ್ತಿಗೆ ಅವಳು ಬರುವುದನ್ನು ನಿಲ್ಲಿಸಿದಳು. ಒಂದು ಬುಧವಾರ, ಎರಡು, ಮೂರು. ಫೋನು ಎತ್ತಲಿಲ್ಲ. ಸುಗುಣಾ ಮತ್ತೆ ಮತ್ತೆ ಫೋನು ಮಾಡಲಿಲ್ಲ. ಬುಧವಾರ ಆರೂವರೆಗೆ ನಾನು ಇಲ್ಲೇ ಇರುತ್ತೇನೆ, ಬಂದರೂ ಸರಿ, ಬಾರದಿದ್ದರೂ ಸರಿ ಎಂದು ಒಂದು ಮೆಸೇಜು ಮಾತ್ರ ಹಾಕಿದರು. ಎರಡು ಬುಧವಾರ ಸುಮ್ಮನೆ ಕಾದು, ತಡವಾಗಿ ಠಾಣೆಯ ಗಾಡಿ ಹತ್ತಿದರು.

ಮೂರನೇ ಬುಧವಾರ ಅವಳು ಬಂದಳು. ಡೊಂಬಿವಲಿಯಲ್ಲಿ ನೆಂಟರ ಮಗುವಿನ ನಾಮಕರಣಕ್ಕೆ ಹೋಗಿದ್ದಾಗ ಯಾರೋ, ಮುಂದಿನದು ನಿನ್ನದೇ ಎಂದು ಮಗುವನ್ನು ಅವಳ ಮಡಿಲಿಗೆ ಹಾಕಿದ್ದರು. ಅವಳು ಮನೆಗೆ ಬಂದು, ಇನ್ನು ಕಾಯುವುದಾಗುವುದಿಲ್ಲ ಎಂದು ಅಭಯನಿಗೆ ಹೇಳಿ ನಿಯಮ ಮುರಿದಿದ್ದಳು. ಮೊದಲಿನಂತೆಯೇ ಆಯಿತು. ಎಲ್ಲ ಮುಗಿಯಿತೆಂದು ಕಡ್ಡಿಗಳನ್ನು ಕಪಾಟಿನ ಹಿಂದಕ್ಕೆ ಎಸೆದಿದ್ದಳು.

ಏನೂ ಮುಗಿದಿಲ್ಲ, ಎರಡು ಮೆಟ್ಟಿಲು ಕೆಳಗಿಳಿದಿದ್ದೀರಿ ಅಷ್ಟೆ ಎಂದರು ಸುಗುಣಾ. ಮೈ ಬಿಗಿದುಕೊಳ್ಳುವ ಆ ಹೊತ್ತಿನಲ್ಲಿ ಮನಸ್ಸಿಗೆ ಏನು ಬರುತ್ತದೆ ಎಂದು ಅವತ್ತು ಕೇಳಿದರು. ಹಿಂದೆಯೂ ಕೇಳಿದ್ದರು, ಶ್ರೀವಿದ್ಯಾ ಏನೂ ಇಲ್ಲ ಎಂದಿದ್ದಳು. ಈ ಸಲ ಅಪ್ಪಿ ಅಕ್ಕನ ವಿಷಯ ಹೇಳಿದಳು.

ಅಪ್ಪಿ ಅವಳ ದೊಡ್ಡಮ್ಮನ ಮಗಳು. ಶ್ರೀವಿದ್ಯಾಳಿಗೆ ಹದಿನಾಲ್ಕಾದಾಗ ಅಪ್ಪಿಯ ಮದುವೆಯಾಯಿತು. ಮದುವೆಯ ಮೂರನೇ ದಿನ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ರಕ್ತ ನಿಲ್ಲುತ್ತಿಲ್ಲ, ಹೊಲಿಗೆ ಹಾಕಿದ್ದಾರೆ ಎಂದು ಹೆಂಗಸರು ಅಡುಗೆಮನೆಯಲ್ಲಿ ಮಾತಾಡಿದ್ದನ್ನು ಶ್ರೀವಿದ್ಯಾ ಬಾಗಿಲ ಆಚೆಯಿಂದ ಕೇಳಿಸಿಕೊಂಡಿದ್ದಳು. ಅವಳನ್ನು ಕಂಡೊಡನೆ ಎಲ್ಲರೂ ಮಾತು ನಿಲ್ಲಿಸಿದರು. ಏನಾಯಿತೆಂದು ಅವಳಿಗೆ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಅಪ್ಪಿ ಈಗ ಹೇಗಿದ್ದಾಳೆ ಎಂದು ಸುಗುಣಾ ಕೇಳಿದರು. ಚೆನ್ನಾಗಿದ್ದಾಳೆ, ಮೈಸೂರಿನಲ್ಲೇ ಇದ್ದಾಳೆ, ಇಬ್ಬರು ಮಕ್ಕಳು ಎಂದಳು ಶ್ರೀವಿದ್ಯಾ. ಹಾಗಾದರೆ ಅವಳನ್ನೇ ಕೇಳಿ ಎಂದರು ಸುಗುಣಾ.

ಆ ಭಾನುವಾರ ಅವಳು ಫೋನು ಮಾಡಿದಳು. ಅಪ್ಪಿ ಮೊದಲು ನಕ್ಕಳು, ಆಮೇಲೆ ಗಂಭೀರವಾದಳು. ಇಬ್ಬರಿಗೂ ಏನೂ ಗೊತ್ತಿರಲಿಲ್ಲ, ಅವರಿಗೆ ಅವಸರ, ತನಗೆ ಹೆದರಿಕೆ, ಒಂದು ಕಡೆ ಹರಿದು ಎರಡು ಹೊಲಿಗೆ ಬಿತ್ತು ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು.

"ನನಗೆ ಹತ್ತು ದಿನಕ್ಕೆ ವಾಸಿಯಾಯ್ತು ಕಣೇ," ಎಂದಳು. "ನೀನು ಹದಿನಾರು ವರ್ಷದಿಂದ ಅದನ್ನ ಹೊತ್ಕೊಂಡಿದೀಯಲ್ಲೇ."

ಶ್ರೀವಿದ್ಯಾ ಆ ಮಾತನ್ನು ಸುಗುಣಾರಿಗೆ ಹೇಳುವಾಗ ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು. ಆ ಒಂದು ಫೋನಿನಿಂದಲೇ ಎಲ್ಲ ಸರಿಹೋಯಿತೆಂದಲ್ಲ. ಡಿಸೆಂಬರಿನಲ್ಲಿ ಮತ್ತೊಂದು ಸಲ ಹಿಂದೆ ಬಿದ್ದಳು. ಆದರೆ ಅಲ್ಲಿಂದ ಮುಂದೆ ಬುಧವಾರ ತಪ್ಪಿಸಲಿಲ್ಲ. ಒಂದೆರಡು ಬುಧವಾರ ಅಭಯನೂ ಬಂದು ಹೊರಗೆ ಕೂತ, ಆಮೇಲೆ ಒಳಗೂ ಬಂದ. ಅವನಿಗೂ ಕೇಳುವುದು ಬೇಕಾದಷ್ಟಿತ್ತು. ಅವಳಿಗೆ ನೋವು ಕೊಟ್ಟುಬಿಡುತ್ತೇನೆಂಬ ಹೆದರಿಕೆಯಲ್ಲಿ ಅವನು ಹೆಂಡತಿಯ ಭುಜ ಮುಟ್ಟುವುದನ್ನೂ ಬಿಟ್ಟಿದ್ದನೆಂದು ಆಗ ತಿಳಿಯಿತು.

ಫೆಬ್ರವರಿಯಲ್ಲಿ ಡಾಕ್ಟರ್ ಕರಂದೀಕರ್ ಮೊದಲ ಬಾರಿಗೆ ಅವಳ ಒಳಪರೀಕ್ಷೆ ಮಾಡಿದರು. ಮಂಪರಿನ ಔಷಧಿ ಇಲ್ಲದೆ, ಸಾಕು ಎಂದಾಗ ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟು. ಶ್ರೀವಿದ್ಯಾ ಸುಗುಣಾರ ಮಣಿಕಟ್ಟು ಹಿಡಿದುಕೊಂಡು ಉಸಿರು ಎಣಿಸಿದಳು. ಒಮ್ಮೆ ಸಾಕು ಎಂದಳು, ಡಾಕ್ಟರು ನಿಲ್ಲಿಸಿದರು. ಮತ್ತೆ ತಾನೇ ಆಗಬಹುದು ಎಂದಳು. ಎಲ್ಲ ಸರಿಯಾಗಿದೆ ಎಂದು ಡಾಕ್ಟರು ಕೈಗವಸು ಕಳಚುವಾಗ ಶ್ರೀವಿದ್ಯಾ ಚಾವಣಿ ನೋಡುತ್ತ, ಇಷ್ಟೇನಾ ಎಂದಳು.

ಮಾರ್ಚಿನಲ್ಲಿ ಇಬ್ಬರೂ ಎರಡು ದಿನ ಅಲಿಬಾಗ್‌ಗೆ ಹೋದರು. ಸೋಮವಾರ ಬೆಳಿಗ್ಗೆ ಸುಗುಣಾ ಠಾಣೆಯಲ್ಲಿ ಗಾಡಿ ಬದಲಿಸುತ್ತಿದ್ದಾಗ ಫೋನಿಗೆ ಒಂದು ಮೆಸೇಜು ಬಂತು. 'ಆಯ್ತು ಸಿಸ್ಟರ್. ನೋವಾಗಲಿಲ್ಲ.' ಸುಗುಣಾ ಜನರ ನಡುವೆ ನಿಂತುಬಿಟ್ಟರು. ಹಿಂದಿನಿಂದ ಬಂದವಳು ಒಬ್ಬಳು, ಸರಿಯಿರಿ ಅಮ್ಮಾ ಎಂದು ತಳ್ಳಿ ಮುಂದೆ ಹೋದಳು. ವಾಶಿಯ ಗಾಡಿ ಅವರ ಎದುರಿಗೇ ಹೊರಟುಹೋಯಿತು.

ಏಪ್ರಿಲ್ ಕೊನೆಗೆ ಗಂಡ ಹೆಂಡತಿ ಡಾಕ್ಟರನ್ನು ಕಾಣಲು ಬಂದರು. ಇನ್ನು ತಡಮಾಡದೆ ಮಗುವಿಗೆ ಪ್ರಯತ್ನಿಸಬಹುದು ಎಂದು ಡಾಕ್ಟರು ಶುರುಮಾಡಿದರು. ಯಾವ ದಿನಗಳು ಒಳ್ಳೆಯವು ಎಂದು ಒಂದು ಹಾಳೆಯಲ್ಲಿ ಬರೆಯತೊಡಗಿದರು. ಅಭಯ್ ಹೆಂಡತಿಯನ್ನು ನೋಡಿದ. ಅವಳೇ ಹೇಳಲಿ ಎಂದು ಸುಮ್ಮನಿದ್ದ.

"ಮೇಡಂ, ಮಗು ಬೇಕು. ಆದರೆ ಈಗಲೇ ಬೇಡ," ಎಂದಳು ಶ್ರೀವಿದ್ಯಾ. "ಒಂದು ವರ್ಷ ನಾವಿಬ್ಬರೇ ಇರಬೇಕು. ಅಷ್ಟು ದಿನ ಮಗು ಆಗದ ಹಾಗೆ ಏನಾದರೂ ಕೊಡಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಕನ್ನಡಕದ ಮೇಲಿಂದ ಒಮ್ಮೆ ಅವಳನ್ನು, ಒಮ್ಮೆ ಆ ದಪ್ಪ ಫೈಲನ್ನು ನೋಡಿ ಜೋರಾಗಿ ನಕ್ಕರು. ಅತ್ತೆಯವರು ಏನಂದಾರು ಎಂದು ಕೇಳಿದರು. ಅತ್ತೆ ದಿನಾ ಫೋನು ಮಾಡುತ್ತಾರೆ, ಊಟಕ್ಕೆ ಏನು ಮಾಡಿದೆ ಎಂದಷ್ಟೇ ಕೇಳುತ್ತಾರೆ ಎಂದು ಶ್ರೀವಿದ್ಯಾ ಹೇಳಿದಳು.

ಯಾವ ಗುಳಿಗೆ, ಯಾವ ಸಾಧನ, ಯಾವುದರಿಂದ ಏನು ತೊಂದರೆ ಎಂಬುದನ್ನೆಲ್ಲ ತಿಳಿಸಿಕೊಡುವುದು ಸಿಸ್ಟರ ಕೆಲಸ. ಸುಗುಣಾ ಅವರಿಬ್ಬರನ್ನೂ ತಮ್ಮ ಮೇಜಿಗೆ ಕರೆದುಕೊಂಡು ಬಂದರು. ಅಲ್ಲಿ ಒಂದು ಕುರ್ಚಿ ಕಡಿಮೆ ಬಿತ್ತು. ಅಭಯ್ ಪಕ್ಕದ ಕೋಣೆಯಿಂದ ಒಂದನ್ನು ಹೊತ್ತು ತಂದು ಹೆಂಡತಿಯ ಕುರ್ಚಿಗೆ ತಾಗಿಸಿ ಹಾಕಿಕೊಂಡು ಕೂತ. ಶ್ರೀವಿದ್ಯಾ ಆಗಲೇ ಮೊದಲ ಪ್ರಶ್ನೆ ಕೇಳುತ್ತಿದ್ದಳು.